ಒಂದಕ್ಕೆ ಬಾಗಿಲು ಹಾಕುತ್ತಿದ್ದ ಬಾಲವಾಡಿ

ನಾನು ಪುಣೆಯಲ್ಲಿ ಬಾಲವಾಡಿ ಟೀಚರ್. ತವರು ವಿಜಯಪುರದ ಕಡೆ, ಮದುವೆಯಾಗಿ ಇಲ್ಲಿಗೆ ಬಂದವಳು. ನಗರ ರೋಡಿನಲ್ಲಿ, ವಾಘೋಲಿ ಹತ್ತಿರ ದೊಡ್ಡದೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕೂಲಿಯವರ ಪತ್ರಾ, ಅಂದರೆ ತಗಡಿನ ಶೆಡ್ಡುಗಳ ಸಾಲು. ಸಾಲಿನ ಕೊನೆಯ ಖೋಲಿಯೇ ನಮ್ಮ ಬಾಲವಾಡಿ. ನಡೆಸುವುದು ಒಂದು ಸಂಸ್ಥೆ. ಜಾಗ, ನೀರು, ಕರೆಂಟು ಬಿಲ್ಡರ್ ಕಡೆಯಿಂದ.

ಆ ಸೈಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಲಬುರಗಿ, ಯಾದಗಿರಿ ಕಡೆಯವರು. ಸೆಂಟ್ರಿಂಗ್, ಕಾಂಕ್ರೀಟು, ಬಿಗಾರಿ ಕೆಲಸ. ನನ್ನನ್ನು ತೆಗೆದುಕೊಂಡಿದ್ದೇ ಕನ್ನಡ ಬರುತ್ತದೆ ಅಂತ. ಆದರೆ ಮೊದಲ ದಿನವೇ ಹೇಳಿದರು: ತಾಯಂದಿರ ಜೊತೆ ಕನ್ನಡ ಮಾತಾಡಿ, ಮಕ್ಕಳ ಜೊತೆ ಮರಾಠಿ. ಮುಂದೆ ಮರಾಠಿ ಶಾಲೆಗೇ ಹೋಗಬೇಕಲ್ವಾ? ಸರಿ ಅಂದೆ.

ಬೆಳಿಗ್ಗೆ ಒಂಬತ್ತೂವರೆಗೆ ಶುರು, ಮಧ್ಯಾಹ್ನ ಒಂದಕ್ಕೆ ಬಾಗಿಲು. ಈ ಟೈಮು ಯಾರು ಗೊತ್ತು ಮಾಡಿದರು ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಮೊದಲ ಎರಡು ತಿಂಗಳು ನನಗೆ ನನ್ನ ಮೇಲೆ ತುಂಬ ಹೆಮ್ಮೆ. ಹಾಜರಿ ಪುಸ್ತಕದಲ್ಲಿ 32 ಹೆಸರು. ಗೋಡೆ ತುಂಬ ಚಾರ್ಟು. ಮಕ್ಕಳು ಕೈ ಕಟ್ಟಿಕೊಂಡು ಒಂದರಿಂದ ಐವತ್ತರವರೆಗೆ ಮರಾಠಿಯಲ್ಲಿ ಹೇಳುತ್ತಿದ್ದರು. ನೋಡಲು ಬಂದವರು ಚಪ್ಪಾಳೆ ತಟ್ಟಿ, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಹಾಗೆ ಐವತ್ತರವರೆಗೆ ಹೇಳಿದ ಹುಡುಗನಿಗೇ "ನಾಲ್ಕು ತಾಟು ತಗೊಂಡು ಬಾ" ಅಂದೆ. ತೋಳಿಗೆ ಎಷ್ಟು ಹಿಡಿಸುತ್ತದೋ ಅಷ್ಟೂ ತಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಕ್ಕು ಸುಮ್ಮನಾದೆ.

ನನಗೆ ಪಾಠ ಕಲಿಸಿದವಳು ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗಿ. ನಿಜವಾದ ಹೆಸರು ಬೇಡ, ಭಾಗ್ಯ ಅನ್ನೋಣ. ಒಂಬತ್ತು ವರ್ಷ. ತಮ್ಮನಿಗೆ ಮಲ್ಲು ಅನ್ನೋಣ, ಅವನಿಗೆ ನಾಲ್ಕು. ಅವರಿಬ್ಬರಲ್ಲದೆ ಇನ್ನೂ ಒಂದಿದೆ, ಒಂದು ವರ್ಷದ ಕೂಸು, ಭಾಗ್ಯಳ ಸೊಂಟದ ಮೇಲೆ. ಅವಳು ದಿನಾ ಮಲ್ಲುವನ್ನು ತಂದು ಬಿಡುತ್ತಿದ್ದಳು. ಬಿಟ್ಟು ಹೋಗುತ್ತಿರಲಿಲ್ಲ. ಬಾಗಿಲ ಹೊರಗೆ ಇಟ್ಟಂಗಿ ರಾಶಿಯ ಮೇಲೆ ಕೂಸನ್ನು ಮಡಿಲಿಗೆ ಹಾಕಿಕೊಂಡು ಕೂರುತ್ತಿದ್ದಳು. ನಾನು ಒಳಗೆ ಏನಾದರೂ ಕೇಳಿದರೆ ಹೊರಗಿನಿಂದ ಉತ್ತರ ಬರುತ್ತಿತ್ತು. ಮಲ್ಲು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಎರಡು ತಿಂಗಳಲ್ಲಿ ಒಂದೇ ಒಂದು ಮಾತಿಲ್ಲ. 'ಮಂದ' ಅಂತ ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಈಗ ಹೇಳಲು ನಾಚಿಕೆ.

ಒಂದು ಗಂಟೆಗೆ ಸರಿಯಾಗಿ ಅವಳು ಎದ್ದು ನಿಲ್ಲುತ್ತಿದ್ದಳು. ಒಂದು ಸೊಂಟದ ಮೇಲೆ, ಒಂದು ಕೈ ಹಿಡಿದುಕೊಂಡು, ಶೆಡ್ಡಿನ ಕಡೆ.

ಒಂದು ಸಂಜೆ ಅವಳ ಅವ್ವನನ್ನು ತಡೆದು ನಿಲ್ಲಿಸಿದೆ. ಮೈಯೆಲ್ಲ ಸಿಮೆಂಟು, ತಲೆ ಮೇಲೆ ಬುಟ್ಟಿ. ಇಷ್ಟು ಶಾಣ್ಯಾ ಹುಡುಗಿಯನ್ನು ಶಾಲೆ ಬಿಡಿಸಿ ಮನೆಯಲ್ಲಿ ಇಟ್ಟುಕೊಂಡಿದ್ದೀಯಲ್ಲ, ನಿನಗೆ ಬುದ್ಧಿ ಬೇಡವಾ ಅಂತ ಬೈದೆ. ನಾನು ಕಲಿತವಳು, ಅಕ್ಕೋರು ಅಂತ ಕರೆಸಿಕೊಳ್ಳುವವಳು. ಬೈಯುವ ಅಧಿಕಾರ ಇದೆ ಅಂದುಕೊಂಡಿದ್ದೆ. ಅವಳು ಬುಟ್ಟಿ ಇಳಿಸಿದಳು.

"ಅಕ್ಕೋರ, ನಿಮ್ಮ ಸಾಲಿ ಒಂದಕ್ಕ ಬಿಡ್ತದ. ನಮ್ಮ ಕೆಲಸ ಆರಕ್ಕ ಬಿಡ್ತದ. ನಡುವಿನ ಐದು ತಾಸು ಈ ಹುಡುಗರನ್ನ ಯಾರ ಮನ್ಯಾಗ ಇಡ್ಲಿ ಹೇಳ್ರಿ? ಆಕಿನ್ನ ಸಾಲಿ ಬಿಡಿಸಿದ್ದು ನಾ ಅಲ್ರಿ."

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ಬಿಡಿಸಿದ್ದು ಯಾರು ಅಂತ ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನ ನಾನು ಶೆಡ್ಡುಗಳನ್ನು ಸುತ್ತಿ ಲೆಕ್ಕ ಹಾಕಿದೆ. ನನ್ನ 32 ಮಕ್ಕಳಲ್ಲಿ 11 ಮಕ್ಕಳ ಮನೆಯಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಅಕ್ಕ ಶೆಡ್ಡಿನಲ್ಲೇ ಇದ್ದಳು. ಅಣ್ಣಂದಿರು ಇಬ್ಬರು ಮಾತ್ರ. ಉಳಿದ ಅಣ್ಣಂದಿರು ಶಾಲೆಗೆ ಹೋಗಿದ್ದರು, ಇಲ್ಲವೇ ಊರಲ್ಲಿ ಅಜ್ಜಿಯ ಹತ್ತಿರ ಇದ್ದರು.

ಕಾನೂನು ಇಲ್ಲ ಅಂತಲ್ಲ. ಕಟ್ಟಡ ಕಾರ್ಮಿಕರ ಬಗ್ಗೆ ಆಗ 1996ರ ಕಾಯ್ದೆ ಇತ್ತು. 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರಲೇಬೇಕಿತ್ತು. ನಮ್ಮ ಸೈಟಿನಲ್ಲಿ ಕಣ್ಣಿಗೆ ಕಾಣುವ ಹೆಣ್ಣುಮಕ್ಕಳು ನೂರರ ಹತ್ತಿರ. ಕಾಗದದಲ್ಲಿ ಮಾತ್ರ ಐವತ್ತು ದಾಟುತ್ತಲೇ ಇರಲಿಲ್ಲ. ಯಾಕೆಂದರೆ ಕೂಲಿ ಜೋಡಿ ಲೆಕ್ಕ. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ಬರೆಯುವುದು ಗಂಡನ ಹೆಸರು. ಅದೂ ಕೂಲಿಯವರನ್ನು ಕರೆತರುವ ನಾಲ್ಕು ಮುಕಾದಮರ ನಾಲ್ಕು ಪುಸ್ತಕದಲ್ಲಿ. ಎಂಥ ಜಾಣ ಲೆಕ್ಕ ನೋಡಿ.

ಇನ್ನೊಂದು ಕಾನೂನೂ ಇದೆ. ಶಿಕ್ಷಣದ ಹಕ್ಕು ಆರರಿಂದ ಹದಿನಾಲ್ಕು ವರ್ಷದವರಿಗೆ. ಆರರ ಒಳಗಿನ ಮಕ್ಕಳ ವಿಷಯದಲ್ಲಿ ಸರ್ಕಾರ ಪ್ರಯತ್ನ ಮಾಡಬೇಕು ಅಂತಷ್ಟೇ ಸಂವಿಧಾನ ಹೇಳುತ್ತದೆ. ಅಂದರೆ ಭಾಗ್ಯಳಿಗೆ ಶಾಲೆ ಹಕ್ಕು, ಮಲ್ಲುವಿಗೆ ಬಾಲವಾಡಿ ಹಕ್ಕಲ್ಲ. ಆದರೆ ಮಲ್ಲುವನ್ನು ಹಿಡಿದುಕೊಳ್ಳುವವರು ಇಲ್ಲದಿದ್ದರೆ ಭಾಗ್ಯಳ ಹಕ್ಕು ಇಟ್ಟಂಗಿ ರಾಶಿಯ ಮೇಲೇ ಕೂತಿರುತ್ತದೆ. ಇದನ್ನು ಬರೆದವರ ಮನೆಯಲ್ಲಿ ಕೂಸು ಎತ್ತಿಕೊಳ್ಳಲು ಆಯಾ ಇದ್ದಿರಬೇಕು.

ಆ ತಿಂಗಳು ನಮಗೆ ಟ್ರೇನಿಂಗ್ ಇತ್ತು. ಹಿರಿಯ ಮೇಡಂ ಒಬ್ಬರು ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರ ಕೆಲಸದ ಬಗ್ಗೆ ಹೇಳಿದರು. ಮಹಾರಾಷ್ಟ್ರದಲ್ಲಿ ಬಾಲವಾಡಿ ಅಂದರೆ ಈ ಇಬ್ಬರ ಹೆಸರು ಬಂದೇ ಬರುತ್ತದೆ. 1945ರಲ್ಲಿ ಬೋರ್ಡಿಯಲ್ಲಿ ಶುರು ಮಾಡಿದರು, ಆಮೇಲೆ ಕೋಸಬಾಡದ ಗುಡ್ಡಕ್ಕೆ ಹೋದರು. ಈಗಿನ ಪಾಲಘರ್ ಜಿಲ್ಲೆ. ವಾರಲಿ ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಇವರೇ ಅವರ ಅಂಗಳಕ್ಕೆ ಹೋಗಿ ಕೂತರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ, ಕುರಣಶಾಲೆ ಅಂತ. ಮತ್ತೆ ತಮ್ಮ ತಂಗಿಯರನ್ನು ಎತ್ತಿಕೊಂಡು ತಿರುಗುವ ದೊಡ್ಡ ಮಕ್ಕಳು? ಅವರಿಗಾಗಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿದರು. ಅದಕ್ಕೆ ವಿಕಾಸವಾಡಿ ಅಂತ ಹೆಸರು. ಅಕ್ಕ ಓದುತ್ತಾಳೆ, ಕೂಸು ಪಕ್ಕದ ಕೋಣೆಯಲ್ಲೇ ಮಲಗಿರುತ್ತದೆ.

ನಾನು ಕೂತಲ್ಲೇ ಬೆವೆತೆ. ನನ್ನ ಬಾಗಿಲಲ್ಲಿ ದಿನಾ ಕೂತಿದ್ದ ಪ್ರಶ್ನೆಗೆ ಉತ್ತರ ನಾನು ಹುಟ್ಟುವ ಮೊದಲೇ ಸಿಕ್ಕಿತ್ತು. ಕಟ್ಟಡದ ಸೈಟಿನಲ್ಲೇ ಕೂಲಿಯವರ ಮಕ್ಕಳಿಗೆ ಶಿಶುಗೃಹ ಮಾಡುವ ಕೆಲಸವನ್ನೂ ಮೀರಾ ಮಹಾದೇವನ್ ದಿಲ್ಲಿಯಲ್ಲಿ 1969ರಲ್ಲೇ ಶುರು ಮಾಡಿದ್ದರಂತೆ. ನಾನೇನೋ ಹೊಸದು ಕಂಡುಹಿಡಿದೆ ಅಂದುಕೊಂಡಿದ್ದೆ.

ಟೈಮು ಬದಲಾಯಿಸಲು ನಾಲ್ಕು ತಿಂಗಳು ಹಿಡಿಯಿತು. ಆರರವರೆಗೆ ಇಡಬೇಕೆಂದರೆ ಎರಡು ಪಾಳಿ ಬೇಕು, ಇನ್ನೊಬ್ಬ ಸಹಾಯಕಿ ಬೇಕು, ಮಧ್ಯಾಹ್ನದ ಊಟ ಬೇಕು. ಮೂರರ ಕೆಳಗಿನವರನ್ನೂ ತೆಗೆದುಕೊಳ್ಳಬೇಕು, ಯಾಕೆಂದರೆ ಅಕ್ಕನ ಸೊಂಟದ ಮೇಲಿರುವುದು ಅದೇ ಕೂಸು. ಸಂಸ್ಥೆಯ ಆಫೀಸಿನವರು ದುಡ್ಡಿಲ್ಲ ಅಂದರು. ಸೈಟ್ ಇಂಜಿನಿಯರ್ "ಬೆಳಿಗ್ಗೆ ನಡೆಯುತ್ತಿದೆಯಲ್ಲ, ಸಾಲದಾ?" ಅಂದ. ಕೊನೆಗೆ ಕೆಲಸಕ್ಕೆ ಬಂದಿದ್ದು ಒಂದೇ ಮಾತು. ಮಧ್ಯಾಹ್ನ ಮಕ್ಕಳು ಲಿಫ್ಟಿನ ಹೊಂಡದ ಹತ್ತಿರ ಆಡುತ್ತಾರೆ, ಏನಾದರೂ ಆದರೆ ಪೊಲೀಸರು ಮೊದಲು ಕೇಳುವುದು ನಿಮ್ಮನ್ನೇ ಅಂದೆ. ಮರುವಾರ ಪಕ್ಕದ ಖೋಲಿ ಖಾಲಿ ಮಾಡಿಕೊಟ್ಟ. ಮಕ್ಕಳ ಭವಿಷ್ಯ ಅಂತ ಎಷ್ಟು ಹೇಳಿದರೂ ಆಗದ್ದು ಪೊಲೀಸ್ ಅಂದ ತಕ್ಷಣ ಆಯಿತು. ಈ ಕೆಲಸದಲ್ಲಿ ಇದನ್ನೂ ಕಲಿಯಬೇಕು.

ಮಧ್ಯಾಹ್ನ ಖಿಚಡಿ, ಇಲ್ಲವೇ ಉಸಳ್. ಆಮೇಲೆ ಚಾಪೆ. ಪತ್ರಾ ಕಾಯ್ದು ಹಂಚಾಗುತ್ತಿತ್ತು, ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯುತ್ತಿದ್ದೆವು.

ಭಾಗ್ಯಳನ್ನು ಹತ್ತಿರದ ಮರಾಠಿ ಶಾಲೆಗೆ ಕರೆದುಕೊಂಡು ಹೋದೆ. ಜನ್ಮ ದಾಖಲೆ ಎಲ್ಲಿ ಅಂದರು. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, ಕಾಯ್ದೆಯಲ್ಲೇ ಇದೆ ಅಂದೆ. ಸೇರಿಸಿಕೊಂಡರು. ವಯಸ್ಸಿಗೆ ತಕ್ಕ ತರಗತಿ ಅಂತ ನಾಲ್ಕನೆಯದು. ಊರಲ್ಲಿ ಎರಡನೆಯದು ಮುಗಿಸಿದ್ದಳು, ಅದೂ ಕನ್ನಡದಲ್ಲಿ. ಮೊದಲ ತಿಂಗಳು ಹೊಟ್ಟೆನೋವು ಅಂತ ದಿನಾ ಅಳು. ಸಿನಿಮಾದಲ್ಲಿ ಆದ ಹಾಗೆ ಮೊದಲ ದಿನವೇ ಕೈ ಎತ್ತಿ ಉತ್ತರ ಹೇಳಲಿಲ್ಲ.

ಇತ್ತ ಮಲ್ಲು ಕೆಟ್ಟ. ಅಕ್ಕ ಶಾಲೆಗೆ ಹೋದ ದಿನದಿಂದ ಊಟ ಬಿಟ್ಟ, ಬಾಗಿಲು ಬಿಟ್ಟು ಒಳಗೆ ಬರಲಿಲ್ಲ. ಆಗ ನನಗೆ ತಲೆಗೆ ಹೋಯಿತು. ಅವನ ಬಾಲವಾಡಿ ನಾನಾಗಿರಲಿಲ್ಲ, ಭಾಗ್ಯ ಆಗಿದ್ದಳು. ಅವಳು ಇಡೀ ದಿನ ಅವನ ಜೊತೆ ಮಾತಾಡುತ್ತಿದ್ದಳು. ನೋಡು, ಕ್ರೇನ್ ಎದ್ದಿತು. ಆ ನಾಯಿಗೆ ಮೂರು ಮರಿ. ಟ್ಯಾಂಕರ್ ಬಂತು, ಕೊಡ ತಾ, ಸಣ್ಣದಲ್ಲ, ದೊಡ್ಡದು. ಎಣಿಸುವುದು, ಹೋಲಿಸುವುದು, ಕಾಯುವುದು ಎಲ್ಲ ಅದರಲ್ಲೇ ಇತ್ತು. ನಾನು ಅವಳನ್ನು ಶಾಲೆಗೆ ಕಳಿಸಿ ಅವನ ಮಾತಿನ ಜೊತೆಯನ್ನೇ ಕಿತ್ತುಕೊಂಡಿದ್ದೆ. ಬದಲಿಗೆ ಕೊಟ್ಟಿದ್ದೇನು? ಐವತ್ತರವರೆಗೆ ಮರಾಠಿ ಅಂಕಿ.

ಅವತ್ತಿನಿಂದ ಮಧ್ಯಾಹ್ನದ ಹೊತ್ತು ಯಾರನ್ನೂ ಕೇಳದೆ ಕನ್ನಡಕ್ಕೆ ಬಂದೆ. ಲಂಬಾಣಿ ಮಕ್ಕಳು ಅವರ ಮಾತಲ್ಲಿ ಹೇಳಿದರು, ಸಹಾಯಕಿ ಮರಾಠಿಯಲ್ಲಿ. ಒಂದು ವಸ್ತುವಿಗೆ ಮೂರು ಹೆಸರು. ತಾಟು ಹಂಚುವ ಕೆಲಸ ಮಕ್ಕಳಿಗೇ ಕೊಟ್ಟೆ: ಇಷ್ಟು ಜನ, ಇಷ್ಟು ತಾಟು, ಕಡಿಮೆ ಬಿತ್ತಾ, ಎಷ್ಟು? ಚಾರ್ಟುಗಳ ಮೇಲೆ ಧೂಳು ಕೂತಿತು. ಅಪ್ಪಂದಿರಿಗೆ ಸಿಟ್ಟು. "ಎಬಿಸಿಡಿ ಕಲಸ್ರಿ ಅಕ್ಕೋರ, ಬರೇ ಮಾತಾಡಿಸ್ತೀರಿ" ಅನ್ನುತ್ತಿದ್ದರು. ಅವರ ತಪ್ಪಲ್ಲ. ಇಂಗ್ಲಿಷ್ ಬಂದವನು ಎಸಿ ಕಾರಿನಿಂದ ಇಳಿಯುವುದನ್ನು ಅವರು ದಿನಾ ನೋಡುತ್ತಾರೆ.

ಮೂರನೆಯ ವಾರ ಮಲ್ಲು ಬಾಯಿ ಬಿಟ್ಟ. ಕಿಟಕಿಯ ಹತ್ತಿರ ನಿಂತಿದ್ದ. "ಅಕ್ಕೋರ, ಮ್ಯಾಲ ನಮ್ಮವ್ವ ಕಾಣಸ್ತಾಳ." ಏಳನೆಯ ಮಾಳಿಗೆಯಲ್ಲಿ ಕೆಂಪು ಸೀರೆ ಒಂದು ಚುಕ್ಕೆಯಷ್ಟು ಕಾಣುತ್ತಿತ್ತು. ಎರಡು ತಿಂಗಳು ಮಂದ ಅಂದುಕೊಂಡಿದ್ದ ಹುಡುಗ ಎಷ್ಟು ದಿನದಿಂದ ಅದನ್ನು ನೋಡುತ್ತಿದ್ದನೋ.

ಮುಂದಿನ ಟ್ರೇನಿಂಗ್‌ನಲ್ಲಿ ಮೇಡಂಗೆ ಕೇಳಿದೆ. ಈ ಮಕ್ಕಳು ಆರು ತಿಂಗಳಿಗೆ ಸೈಟು ಬದಲಿಸುತ್ತಾರೆ, ನಾವು ಮಾಡಿದ್ದು ಉಳಿಯುತ್ತದಾ? ಅವರು ಅಮೆರಿಕದ ಒಂದು ಕಥೆ ಹೇಳಿದರು. ಮಿಷಿಗನ್‌ನ ಇಪ್ಸಿಲಾಂಟಿ ಅನ್ನುವ ಊರು, 1962. ಬಡ ಕಪ್ಪು ಕುಟುಂಬಗಳ 123 ಮಕ್ಕಳು. ಸುಮಾರು ಅರ್ಧ ಮಕ್ಕಳಿಗೆ ಮೂರು, ನಾಲ್ಕನೆಯ ವಯಸ್ಸಿನಲ್ಲಿ ಬಾಲವಾಡಿ ಕೊಟ್ಟರು, ಉಳಿದವರಿಗೆ ಇಲ್ಲ. ಬುದ್ಧಿ ಪರೀಕ್ಷೆಯಲ್ಲಿ ಮೊದಲು ಮುಂದಿದ್ದವರು ಶಾಲೆಗೆ ಹೋದ ಕೆಲವೇ ವರ್ಷಗಳಲ್ಲಿ ಉಳಿದವರ ಸಮಕ್ಕೆ ಬಂದರು. ಎಲ್ಲ ಹಾಳಾಯಿತು ಅನ್ನಬೇಕು ಅಲ್ವಾ? ಆದರೆ ನಲವತ್ತನೆಯ ವಯಸ್ಸಿನವರೆಗೂ ಬೆನ್ನು ಹತ್ತಿ ನೋಡಿದರು. ಬಾಲವಾಡಿಗೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ಜಾಸ್ತಿ, ಗಳಿಕೆ ಜಾಸ್ತಿ, ಪೊಲೀಸರ ಕೈಗೆ ಸಿಕ್ಕವರು ಕಡಿಮೆ.

ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಲ್ಲಿ ಕಲಿತ ಟೀಚರುಗಳು, ಇಲ್ಲಿ ಪತ್ರಾ ಶೆಡ್ಡಿನಲ್ಲಿ ನಾನು. ಆದರೆ ಒಂದು ವಿಷಯ ಹಿಡಿಸಿತು. ಆ ಟೀಚರುಗಳು ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗಿ, ತಾಯಿಯ ಎದುರು ಒಂದೂವರೆ ತಾಸು ಕೂರುತ್ತಿದ್ದರಂತೆ. ಇದಕ್ಕೆ ದುಡ್ಡು ಬೇಡ. ಸಂಜೆ ಆರೂವರೆಗೆ, ಒಲೆ ಹೊತ್ತುವ ಹೊತ್ತಿಗೆ ನಾನೂ ಶೆಡ್ಡುಗಳಿಗೆ ಹೋಗತೊಡಗಿದೆ. ಒಂದೂವರೆ ತಾಸು ಎಲ್ಲಿ ಸಿಗುತ್ತದೆ, ಹದಿನೈದು ನಿಮಿಷ. ಅವ್ವ ರೊಟ್ಟಿ ಬಡಿಯುತ್ತಾಳೆ, ಮಗು ಪಕ್ಕದಲ್ಲಿ. "ಎಷ್ಟು ರೊಟ್ಟಿ ಆಯ್ತು ಅಂತ ಅವನನ್ನೇ ಕೇಳಿ" ಅನ್ನುವುದು, ಅಷ್ಟೇ. ಬಹಳ ಸಲ ನನಗೂ ಒಂದು ರೊಟ್ಟಿ, ಶೇಂಗಾ ಹಿಂಡಿ ಸಿಕ್ಕಿದೆ.

ಹೋಳಿ ಆದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ಆಗ ಅರ್ಧ ಸೈಟು ಖಾಲಿಯಾಗುತ್ತದೆ. ಹೋದವರೆಲ್ಲ ತಿರುಗಿ ಇದೇ ಸೈಟಿಗೆ ಬರುವುದಿಲ್ಲ, ಮುಕಾದಮ್ ಕರೆದಲ್ಲಿಗೆ ಹೋಗುತ್ತಾರೆ. ಭಾಗ್ಯಳ ಅವ್ವ ಒಂದು ಸಂಜೆ ಬಂದು ನಿಂತಳು. ಜಾತ್ರೆ ಮುಗಿಸಿ ಹಿಂಜವಡಿ ಕಡೆಯ ಸೈಟಿಗೆ ಹೋಗಬೇಕಂತೆ, ಕೂಲಿ ಸ್ವಲ್ಪ ಜಾಸ್ತಿಯಂತೆ.

"ಅಲ್ಲಿ ಬಾಲವಾಡಿ ಅದ ಏನ್ರಿ ಅಕ್ಕೋರ?"

ಇದೆ ಅಂದೆ.

"ಎಷ್ಟಕ್ಕ ಬಿಡ್ತದ?"

ಅಲ್ಲಿನ ಟೀಚರ್‌ಗೆ ಅವಳೆದುರೇ ಫೋನ್ ಹಚ್ಚಿದೆ. ಒಂದಕ್ಕೆ ಅಂದರು.

ಅವಳು ಭಾಗ್ಯಳ ಕಡೆ ನೋಡಿದಳು. ಭಾಗ್ಯ ಒಳಗೆ ಮಲ್ಲುವಿಗೆ ತನ್ನ ಮರಾಠಿ ಪುಸ್ತಕದ ಚಿತ್ರ ತೋರಿಸುತ್ತ ಕೂತಿದ್ದಳು. "ಮುಕಾದಮ್‌ಗ ಹೇಳ್ತೀನ್ರಿ. ಆಕಿದು ಪರೀಕ್ಷಾ ಮುಗಿಯೂ ತನಕ ನಾವು ಬರಂಗಿಲ್ಲ ಅಂತ."

ಹೇಳಿದಳು. ಗಂಡನ ಜೊತೆ ಎರಡು ದಿನ ಜಗಳವಾಯಿತು. ಶೆಡ್ಡಿನ ಸಾಲಿಗೆಲ್ಲ ಕೇಳಿಸಿತು. ಆ ವರ್ಷ ಅವರು ಜಾತ್ರೆಗೆ ಹೋಗಲಿಲ್ಲ.