ಟೋಕಿಯೊದ ಗುಟ್ಟಿನ ಸುಶಿ ಬಾರ್: 16,500 ಯೆನ್ 31,200 ಆಗುವ ಬಗೆ

ಬಿಲ್ಲಿನಿಂದಲೇ ಶುರು ಮಾಡುತ್ತೇನೆ. ಟೋಕಿಯೊದ ಗಿಂಜಾ ಬಡಾವಣೆಯ ಎಂಟನೇ ಚೋಮೆಯಲ್ಲಿ, ಅಂದರೆ ಎಂಟನೇ ವಿಭಾಗದಲ್ಲಿರುವ ಒಂದು ಸುಶಿ ಬಾರ್. ಹೊರಗೆ ಬೋರ್ಡಿಲ್ಲ, ಒಳಗೆ ಎಂಟು ಕುರ್ಚಿ, ಮಬ್ಬು ದೀಪ, ಜಾಝ್ ಸಂಗೀತ. ಬುಕ್ ಮಾಡುವಾಗ ಕಂಡ ಒಮಾಕಾಸೆ (ಅವರೇ ಆರಿಸಿ ಬಡಿಸುವ ಊಟ) ದರ ತಲೆಗೆ 16,500 ಯೆನ್. ಮೂರು ಲೋಟ ‘ಸಾಕೆ’ ಎಂಬ ಅಕ್ಕಿಯ ಮದ್ಯ 4,500, ಬಾಟಲಿ ನೀರು 1,000, ಕೊನೆಯಲ್ಲಿ ಹೆಚ್ಚುವರಿಯಾಗಿ ತಿಂದ ನಾಲ್ಕು ತುತ್ತು 4,000. ಅಲ್ಲಿಗೆ 26,000. ಅದರ ಮೇಲೆ ಶೇ 10 ಸೇವಾ ಶುಲ್ಕ, ರಾತ್ರಿ ಹತ್ತು ದಾಟಿದ್ದಕ್ಕೆ ‘ಶಿನ್ಯಾ ರ್ಯೋಕಿನ್’ ಎಂಬ ಇನ್ನೊಂದು ಶೇ 10. ಒಟ್ಟು 31,200. ಜಪಾನಿನಲ್ಲಿ 2021ರ ಏಪ್ರಿಲ್‌ನಿಂದ ಬೆಲೆಯನ್ನು ತೆರಿಗೆ ಸೇರಿಸಿಯೇ ತೋರಿಸಬೇಕು. ಆದ್ದರಿಂದ ತೆರಿಗೆಯ ಭಯ ಬೇಡ, ಸೇವಾ ಶುಲ್ಕವನ್ನು ಮಾತ್ರ ಬುಕ್ ಮಾಡುವಾಗಲೇ ಕೇಳಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಜನ ಹೆಚ್ಚಾಗಿ ಎಡವುವುದು ಆ ನಾಲ್ಕು ತುತ್ತಿನಲ್ಲಿ. ಒಮಾಕಾಸೆ ಎಂದರೆ ‘ನಿಮಗೇ ಬಿಟ್ಟಿದ್ದು’ ಎಂದರ್ಥ. ಹದಿನೈದಿಪ್ಪತ್ತು ತುತ್ತುಗಳನ್ನು ಸುಶಿ ಮಾಡುವವರೇ ಆರಿಸಿ ಒಂದೊಂದಾಗಿ ಮುಂದಿಡುತ್ತಾರೆ. ಸಾಮಾನ್ಯವಾಗಿ ಕಡೆಗೆ ಬರುವುದು ತಮಾಗೊ, ಅಂದರೆ ಸಿಹಿಯಾದ ಮೊಟ್ಟೆಯ ತುಂಡು, ಮತ್ತು ಹುದುಗಿಸಿದ ಸೋಯಾದ ಮಿಸೊ ಸಾರು. ಅವು ಬಂದವೆಂದರೆ ನೀವು ಕೊಟ್ಟ ದರದ ಊಟ ಮುಗಿಯಿತು. ಆಗ ಅವರು ನಗುತ್ತಾ ಏನೋ ಕೇಳುತ್ತಾರೆ, ಅದರಲ್ಲಿ ‘ತ್ಸುಯಿಕಾ’ ಎಂಬ ಪದ ಇರುತ್ತದೆ. ಹೆಚ್ಚುವರಿ ಏನಾದರೂ ಬೇಕೇ ಎಂದು ಕೇಳುತ್ತಿರುತ್ತಾರೆ. ಅರ್ಥವಾಗದೆ ತಲೆಯಾಡಿಸಿದರೆ ಒತೊರೊ (ಟ್ಯೂನಾದ ಕೊಬ್ಬಿನ ಹೊಟ್ಟೆಭಾಗ), ಉನಿ (ಕಡಲ ಮುಳ್ಳುಜೀವಿಯ ತಿರುಳು) ಬಂದು ಕೂರುತ್ತವೆ, ಪ್ರತಿ ತುತ್ತಿಗೂ ಬೇರೆ ಬೆಲೆ. ಬೇಕಿದ್ದರೆ ‘ಇಕುರಾ ದೆಸ್ ಕಾ’ ಎಂದು ಬೆಲೆ ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸಾಕಿದ್ದರೆ ‘ಒನಾಕಾ ಇಪ್ಪಾಯ್ ದೆಸ್’ ಅನ್ನಿ, ಹೊಟ್ಟೆ ತುಂಬಿತು ಎಂದು. ನೀರಿಗೆ ‘ಒಹಿಯಾ’ ಎಂದು ಕೇಳಿದರೆ ಲೋಟದಲ್ಲಿ ಮಾಮೂಲಿ ತಣ್ಣೀರು ಬರುತ್ತದೆ. ‘ವಾಟರ್’ ಎಂದಿರೋ, ಬಾಟಲಿಯೇ ಬರಬಹುದು. ಬಿಸಿ ಹಸಿರು ಚಹಾಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ.

ಜಾಗ ಹುಡುಕುವುದು ಇನ್ನೊಂದು ಗೋಳು. ಇಂಥ ಬಾರ್‌ಗಳು ಬಹುಪಾಲು ‘ಝಕ್ಕ್ಯೊ ಬಿರು’ ಅನ್ನುವ ಕಿರಿದಾದ ಕಟ್ಟಡಗಳಲ್ಲಿರುತ್ತವೆ, ಮಹಡಿಗೆ ಒಂದೋ ಎರಡೋ ಅಂಗಡಿ. ಮ್ಯಾಪಿನ ಪಿನ್ನು ಕಟ್ಟಡದ ಬುಡದವರೆಗೆ ಮುಟ್ಟಿಸಿ ಸುಮ್ಮನಾಗುತ್ತದೆ. ನಮ್ಮ ಗ್ರೌಂಡ್ ಫ್ಲೋರ್ ಜಪಾನಿನಲ್ಲಿ ಒಂದನೇ ಮಹಡಿ. ವಿಳಾಸದಲ್ಲಿ ಐದು ಎಂದಿದ್ದರೆ ಅದು ನಮ್ಮ ಲೆಕ್ಕದ ನಾಲ್ಕು. ಲಿಫ್ಟಿನ ಗುಂಡಿ ಒತ್ತುವಾಗ ತೊಂದರೆಯಿಲ್ಲ, ಮೆಟ್ಟಿಲು ಹತ್ತುವವರು ಮಾತ್ರ ಒಂದು ಮಹಡಿ ಹೆಚ್ಚು ಏರಿ ಬೇರೆ ಯಾರದೋ ಕ್ಲಬ್ಬಿನ ಬಾಗಿಲು ತಟ್ಟುತ್ತಾರೆ. ಹೆಸರು ಜಪಾನಿ ಲಿಪಿಯಲ್ಲಿ ಮಾತ್ರ ಇರಬಹುದು, ಅಂಗೈಯಗಲದ ಫಲಕದ ಮೇಲೆ. ಆ ಅಕ್ಷರಗಳ ಫೋಟೊ ಫೋನಿನಲ್ಲಿಟ್ಟುಕೊಳ್ಳಿ, ಕಟ್ಟಡದ ಹತ್ತಿರ ಇಪ್ಪತ್ತು ನಿಮಿಷ ಮೊದಲೇ ಇರಿ. ‘ಇಸ್ಸೇ ಸ್ಟಾರ್ಟ್’ ಎಂದು ಬರೆದಿದ್ದರೆ ಎಲ್ಲರಿಗೂ ಒಟ್ಟಿಗೆ ಊಟ ಶುರುವಾಗುತ್ತದೆ. ಹದಿನೈದು ನಿಮಿಷ ತಡವಾದರೆ ಸೀಟು ರದ್ದು ಮಾಡಿ ಪೂರ್ತಿ ಹಣ ಹಿಡಿಯುವ ಅಂಗಡಿಗಳಿವೆ. ಕಾರ್ಡಿನ ಮಾಹಿತಿ ಕೊಟ್ಟೇ ಬುಕ್ ಮಾಡಿರುತ್ತೀರಿ, ಮತ್ತೆ ವಾದಕ್ಕೆ ಆಸ್ಪದವಿಲ್ಲ.

ಬೀದಿಯಲ್ಲಿ ಬಂದು ‘ಸುಶಿ, ಸುಶಿ’ ಎಂದು ಕರೆಯುವವರ ಹಿಂದೆ ಹೋಗಲೇಬೇಡಿ, ರಾತ್ರಿಜೀವನಕ್ಕೆ ಹೆಸರಾದ ಕಬುಕಿಚೊದಲ್ಲೂ ರೊಪ್ಪೊಂಗಿಯಲ್ಲೂ. ಒಳ್ಳೆಯ ಅಂಗಡಿ ಗಿರಾಕಿಯನ್ನು ಬೀದಿಯಿಂದ ಕರೆತರುವುದಿಲ್ಲ.

ಯಾವ ಹೊತ್ತಿಗೆ ಹೋಗುವುದು? ಆರು ಗಂಟೆಯ ಸರದಿಗೆ ಹೋದರೆ ರಾತ್ರಿಯ ಗುಂಗು ಸಿಗುವುದಿಲ್ಲ, ಆದರೆ ಕೈಕೆಲಸ ಚೆನ್ನಾಗಿ ಕಾಣುತ್ತದೆ, ಮಾತಾಡಲು ಅವರಿಗೂ ಬಿಡುವಿರುತ್ತದೆ. ಒಂಬತ್ತರ ನಂತರ ಗಿಂಜಾ ಎಂಟನೇ ಚೋಮೆಯ ಚಹರೆಯೇ ಬೇರೆ. ಕ್ಲಬ್ಬುಗಳ ಕೆಲಸ ಮುಗಿದ ಮೇಲೆ ಅಲ್ಲಿ ಗಿರಾಕಿಗಳಿಗೆ ಜೊತೆ ಕೊಡುವ ಹೊಸ್ಟೆಸ್‌ಗಳು ಅವರ ಜೊತೆ ಸುಶಿಗೆ ಬರುವುದಕ್ಕೆ ಅಲ್ಲಿ ‘ಆಫ್ಟರ್’ ಎಂದೇ ಹೆಸರು, ನಡುರಾತ್ರಿ ದಾಟಿದ ಮೇಲೂ ಕೆಲವು ಸುಶಿ ಅಂಗಡಿ ತೆರೆದಿರುವುದು ಅವರಿಗಾಗಿಯೇ. ಆ ವಾತಾವರಣ ಬೇಕೆಂದರೆ ಹತ್ತರ ಮೇಲೆ ಹೋಗಿ. ನನ್ನ ಮಟ್ಟಿಗೆ ಅತ್ತರಿನ ವಾಸನೆ, ಜೋರು ಸಂಗೀತದ ನಡುವೆ ಬಿಳಿ ಮೀನಿನ ರುಚಿ ಗೊತ್ತಾಗುವುದೇ ಇಲ್ಲ. ನೀವೂ ಅತ್ತರು ಹಚ್ಚಿಕೊಂಡು ಹೋಗಬೇಡಿ, ಕೈಗಡಿಯಾರ ತೆಗೆದಿಡಿ. ನಿಮ್ಮ ಮುಂದಿನ ಕೌಂಟರಿನ ಹಿನೊಕಿ ಮರದ ಹಲಗೆಗೆ ಸುಲಭವಾಗಿ ಗೀರು ಬೀಳುತ್ತದೆ.

ರೈಲು ನಡುರಾತ್ರಿಯ ಆಸುಪಾಸಿನಲ್ಲಿ ನಿಂತರೆ ಮತ್ತೆ ಬೆಳಗಿನ ಐದಕ್ಕೇ. ಟ್ಯಾಕ್ಸಿಗೆ 2022ರ ನವೆಂಬರ್‌ನಲ್ಲಿ ಬಂದ ದರದ ಪ್ರಕಾರ ಮೊದಲ 1.096 ಕಿ.ಮೀ.ಗೆ 500 ಯೆನ್, ಆಮೇಲೆ 255 ಮೀಟರಿಗೆ 100. ರಾತ್ರಿ 10ರಿಂದ ಬೆಳಗಿನ 5ರವರೆಗೆ ಶೇ 20 ಹೆಚ್ಚು. ಆರು ಕಿ.ಮೀ. ದಾರಿಗೆ 3,000 ಯೆನ್ ಎಂದಿಟ್ಟುಕೊಳ್ಳಿ. ಗಿಂಜಾದ ಐದರಿಂದ ಎಂಟನೇ ಚೋಮೆಯಲ್ಲಿ ವಾರದ ದಿನಗಳಂದು ರಾತ್ರಿ 10ರಿಂದ 1ರವರೆಗೆ ಗೊತ್ತುಪಡಿಸಿದ ಟ್ಯಾಕ್ಸಿ ನಿಲ್ದಾಣದಲ್ಲಿ ಮಾತ್ರ ಹತ್ತಬಹುದು. ಖಾಲಿ ಟ್ಯಾಕ್ಸಿ ಕೈ ತೋರಿಸಿದರೂ ನಿಲ್ಲದೆ ಹೋದರೆ ಕಾರಣ ಇದು, ನಿಮ್ಮ ಮುಖ ನೋಡಿ ಅಲ್ಲ.

ದಿನ ಆರಿಸುವಾಗ ತೊಯೊಸು ಮಾರುಕಟ್ಟೆಯ ಕ್ಯಾಲೆಂಡರ್ ನೋಡಿ. 2018ರ ಅಕ್ಟೋಬರ್‌ನಲ್ಲಿ ತ್ಸುಕಿಜಿಯಿಂದ ಅಲ್ಲಿಗೆ ಹೋದ ಈ ಸಗಟು ಮಾರುಕಟ್ಟೆಗೆ ಭಾನುವಾರ ರಜೆ, ಎಷ್ಟೋ ಬುಧವಾರಗಳೂ ರಜೆ. ಟ್ಯೂನಾ ಮೀನನ್ನು ದಿನಗಟ್ಟಲೆ ಹದಗೊಳಿಸಿಯೇ ಬಡಿಸುವುದರಿಂದ ಅದಕ್ಕೆ ಬಾಧಕವಿಲ್ಲ, ಚಿಪ್ಪುಮೀನು ಮತ್ತು ಉನಿಗೆ ವ್ಯತ್ಯಾಸ ತಿಳಿಯುತ್ತದೆ. ಗುರುವಾರ, ಶುಕ್ರವಾರದ ಮೊದಲ ಸರದಿಯೇ ನನ್ನ ಆಯ್ಕೆ.

ಕರಾವಳಿಯವರಿಗೆ ಇಲ್ಲಿ ನೆಂಟರು ಸಿಗುತ್ತಾರೆ. ‘ಸಾವರಾ’ ನಮ್ಮ ಅಂಜಲ್‌ನ ಕುಲದ್ದೇ ಮೀನು. ‘ಇವಾಶಿ’ ಅಂದರೆ ಬೂತಾಯಿಯ ಬಳಗ. ಬಂಗುಡೆಯ ಸಂಬಂಧಿ ‘ಸಾಬಾ’ವನ್ನು ಉಪ್ಪಿನಲ್ಲಿಟ್ಟು, ವಿನೆಗರಿನಲ್ಲಿ ನೆನೆಸಿ ಕೊಡುತ್ತಾರೆ. ತುತ್ತು ಮುಂದೆ ಬಂದ ತಕ್ಷಣ ಕೈಯಲ್ಲೇ ಎತ್ತಿ ಒಂದೇ ಬಾಯಿಗೆ ಹಾಕಿಕೊಳ್ಳಿ. ಅನ್ನ ಮೈಬಿಸಿಯಷ್ಟೇ ಬೆಚ್ಚಗಿರುತ್ತದೆ, ಫೋಟೊಗೆಂದು ಎರಡು ನಿಮಿಷ ಬಿಟ್ಟರೆ ತಣ್ಣಗಾಗಿ ಬಿಗಿಯುತ್ತದೆ. ಮೇಲೆ ‘ನಿಕಿರಿ’ (ಹದಗೊಳಿಸಿದ ಸೋಯಾ ಸಾಸ್) ಸವರಿದ್ದರೆ ಸೋಯಾ ಸಾಸ್ ಅದ್ದುವುದು ಬೇಡ. ಅನ್ನ ಕಡಿಮೆ ಬೇಕೆಂದರೆ ‘ಶಾರಿ ಚೀಸಾಮೆ’, ಖಾರದ ಹಸಿರು ವಸಾಬಿ ಬೇಡವೆಂದರೆ ‘ಸಾಬಿ ನುಕಿ’.

ಸಸ್ಯಾಹಾರಿಗಳನ್ನು ಜೊತೆಗೆ ಕೂರಿಸಿಕೊಂಡು ಹೋಗುವುದು ಅವರಿಗೂ ಅನ್ಯಾಯ, ಸುಶಿ ಮಾಡುವವರಿಗೂ ಅನ್ಯಾಯ. ಮಿಸೊ ಸಾರಿನಲ್ಲಿ ಮೀನಿನ ‘ದಾಶಿ’ ಕಟ್ಟು, ಸೋರೆಯ ಎಳೆಯಿಂದ ಮಾಡುವ ಕಂಪ್ಯೊ ಬೇಯುವುದೂ ಸಾಮಾನ್ಯವಾಗಿ ಅದರಲ್ಲೇ. ತಮಾಗೊದಲ್ಲಿ ಸೀಗಡಿ ಅಥವಾ ಬಿಳಿ ಮೀನು ಅರೆದು ಸೇರಿಸುವುದುಂಟು. ಉಳಿಯುವುದು ಹೆಚ್ಚಾಗಿ ಸೌತೆಕಾಯಿಯ ಸುರುಳಿ ಕಪ್ಪಾ ಮಾಕಿ, ಉಪ್ಪು ಹಾಕಿದ ಹುಳಿ ಹಣ್ಣು ಮತ್ತು ಶಿಸೊ ಎಲೆಯ ಉಮೆ ಶಿಸೊ ಮಾಕಿಯಂಥವು. ಅಲರ್ಜಿ ಇದ್ದರೂ ಬುಕ್ ಮಾಡುವಾಗಲೇ ತಿಳಿಸಬೇಕು. ಕುರ್ಚಿಯಲ್ಲಿ ಕೂತ ಮೇಲೆ ಹೇಳಿದರೆ ಬದಲಿ ಸಿಗದೇ ಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಟೋಕಿಯೊದಲ್ಲಿ ಒಂದೇ ಸಲ ಸುಶಿ ತಿನ್ನುವವರಿಗೆ ನನ್ನ ಮತ ‘ತಾಚಿಗುಯಿ’ಗೆ, ನಿಂತುಕೊಂಡೇ ತಿನ್ನುವ ಸುಶಿ ಅಂಗಡಿಗೆ. ಕುರ್ಚಿಯಿಲ್ಲ, ಸಂಗೀತವಿಲ್ಲ, ಬುಕಿಂಗ್ ಇಲ್ಲ. ಬೆಲೆಗಳೆಲ್ಲ ಗೋಡೆಯ ಮೇಲೆ ಕಣ್ಣೆದುರೇ ಇರುತ್ತವೆ. ಹತ್ತು ತುತ್ತಿಗೆ 2,000ದಿಂದ 3,000 ಯೆನ್. ಉಪ್ಪಿನಲ್ಲಿಟ್ಟು ವಿನೆಗರ್ ಕುಡಿಸಿದ ಕೊಹಾದಾ ಎಂಬ ಸಣ್ಣ ಮೀನು, ಸೋಯಾದಲ್ಲಿ ನೆನೆಸಿದ ಕೆಂಪು ಟ್ಯೂನಾ, ಬೇಯಿಸಿ ದಪ್ಪ ಸಾಸ್ ಸವರಿದ ಅನಾಗೊ ಎಂಬ ಕಡಲ ಹಾವುಮೀನು, ಟೋಕಿಯೊಗೆ ಎಡೊ ಎಂಬ ಹೆಸರಿದ್ದ ಕಾಲದ ಈ ಮೂರೂ ಕೈಕೆಲಸದ ಫಲ ಬೆಳಕಿನಲ್ಲಿ, ಒಂದು ಮೊಳ ದೂರದಲ್ಲಿ ಕಣ್ಣಿಗೆ ಬೀಳುತ್ತದೆ. ಹತ್ತೊಂಬತ್ತನೇ ಶತಮಾನದ ಎಡೊದಲ್ಲಿ ನಿಗಿರಿ ಸುಶಿ, ಅಂದರೆ ಕೈಯಲ್ಲಿ ಒತ್ತಿದ ಅನ್ನದ ಮೇಲೆ ಮೀನಿಟ್ಟ ತುತ್ತು, ಬೀದಿ ಬದಿಯ ಗಾಡಿಯ ತಿಂಡಿಯೇ ಆಗಿತ್ತು, ಜನ ನಿಂತೇ ತಿನ್ನುತ್ತಿದ್ದರು. ಇಷ್ಟವಾದದ್ದನ್ನು ಮತ್ತೊಮ್ಮೆ ಕೇಳಬಹುದು, ಇಷ್ಟವಾಗದ್ದನ್ನು ಬಿಡಬಹುದು, ಕಾಲು ಗಂಟೆಯಲ್ಲಿ ಮುಗಿಸಿ ಹೊರಡಬಹುದು. ಪಕ್ಕದಲ್ಲಿ ಆಫೀಸಿನ ಬ್ಯಾಗು ಕಾಲ ಬಳಿ ಇಟ್ಟುಕೊಂಡವರು ಆರು ತುತ್ತು ತಿಂದು ಹೋಗುತ್ತಿರುತ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಹೋದರೆ ಸಾಲು ಕರಗಿರುತ್ತದೆ. ಕೆಲವು ಕಡೆ ಮೂರರಿಂದ ಐದರವರೆಗೆ ಬಾಗಿಲು ಹಾಕುತ್ತಾರೆ, ನೋಡಿಕೊಂಡು ಹೊರಡಿ.