ಅದೇ ಹಳದಿ ಡ್ರಾಪ್ಸಾ, ಚಿಕ್ಕಿ?

16 ಜುಲೈ 2024, ಮಂಗಳವಾರ, ರಾತ್ರಿ

ಪುಟ್ಟನ ಎಡಗಣ್ಣಿಗೆ ಕ್ರಾಸ್‌ಲಿಂಕಿಂಗ್ ಆಯಿತು. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಅದು. ದೀಪ ಆರಿಸಿ ಮಲಗಿದ್ದಾನೆ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿಯಂತೆ. ಒಂದೆರಡು ದಿನ ಹೀಗೇ ಇರುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆದರೂ ಅಕ್ಕ ಬಾಗಿಲು ಬಿಟ್ಟು ಕದಲುತ್ತಿಲ್ಲ.

ಒಳಗೆ ಹೋಗುವ ಮುಂಚೆ ಕೇಳಿದ್ದ, "ಚಿಕ್ಕಿ, ಹೋದ ತಿಂಗಳು ಹಾಕಿದ್ರಲ್ಲ, ಅದೇ ಹಳದಿ ಡ್ರಾಪ್ಸಾ?" ಅಲ್ಲ ಅಂದೆ. ಅಷ್ಟರಲ್ಲಿ ಸಿಸ್ಟರ್ ಕರೆದರು. ಹೇಳದೆ ಉಳಿದ ಆ ಮಾತು ಬೆಳಗಿನಿಂದ ತಲೆಯಲ್ಲೇ ಕೂತಿದೆ.

ಹೋದ ತಿಂಗಳು ಕಾಂಟ್ಯಾಕ್ಟ್ ಲೆನ್ಸ್ ಅಳತೆಗೆ ಹಾಕಿದ್ದು ಫ್ಲೋರೆಸಿನ್. ಅಪ್ಪಟ ಬಣ್ಣ. 1871ರಲ್ಲಿ ಜರ್ಮನ್ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ್ದು. ಇವತ್ತಿನದು ರೈಬೋಫ್ಲೇವಿನ್ ಫಾಸ್ಫೇಟ್. ಬಿ2 ವಿಟಮಿನ್‌ಗೆ ಒಂದು ಫಾಸ್ಫೇಟ್ ಸೇರಿದರೆ ಇದು. ನಮ್ಮ ಜೀವಕೋಶಗಳೂ ಇದನ್ನೇ ಮಾಡಿಕೊಳ್ಳುತ್ತವೆ. ಎರಡೂ ಹಳದಿ, ನೀಲಿ ಬೆಳಕು ಬಿದ್ದರೆ ಎರಡೂ ಹಸಿರು.

ಆದರೆ ಹೊಳಪು ಒಂದೇ ಅಲ್ಲ. ಕ್ಷಾರ ಬೆರೆತ ನೀರಿನಲ್ಲಿ ಫ್ಲೋರೆಸಿನ್ ಹೀರಿದ ಬೆಳಕಿನ ಕಣಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ವಾಪಸ್ ಬರುತ್ತವೆ. ಲೆನ್ಸ್ ಎಲ್ಲಿ ತಾಗಿದೆ, ಎಲ್ಲಿ ಸಡಿಲ ಎಂದು ಕಾಣುವುದು ಅದರಿಂದಲೇ. ರೈಬೋಫ್ಲೇವಿನ್ ಕೊಡುವುದು ಸುಮಾರು ಕಾಲು ಭಾಗ. ಮಿಕ್ಕದ್ದು ಸುಮ್ನೆ ಹೋಗುವುದಿಲ್ಲ. ಬೆಳಕು ಹೀರಿದ ಅಣುಗಳಲ್ಲಿ ಬಹಳಷ್ಟು ಟ್ರಿಪ್ಲೆಟ್ ಎಂಬ, ಶಕ್ತಿ ತುಂಬಿದ ಸ್ಥಿತಿಯಲ್ಲಿ ಕೊಂಚ ಹೊತ್ತು ನಿಲ್ಲುತ್ತವೆ. ಆಗ ಸುತ್ತಲಿನ ಆಕ್ಸಿಜನ್ ಕೆರಳುತ್ತದೆ, ಕಾರ್ನಿಯಾದ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ನಡುವೆ ಹೊಸ ಕೊಂಡಿಗಳು ಬೀಳುತ್ತವೆ. ತೆಳ್ಳಗಾಗಿ ಮುಂದಕ್ಕೆ ಉಬ್ಬುತ್ತಿದ್ದ ಅವನ ಕಾರ್ನಿಯಾ ಗಟ್ಟಿಯಾಗಬೇಕಾದದ್ದು ಹೀಗೆ. ಅರ್ಧ ಗಂಟೆ ಹನಿ, ಆಮೇಲೆ ಅರ್ಧ ಗಂಟೆ ಯುವಿ ಬೆಳಕು. ಆ ಯುವಿ ಕಣ್ಣಿನ ಆಳಕ್ಕೆ ಇಳಿಯದಂತೆ ತಡೆಯುವುದೂ ಇದೇ ಹನಿ. ನಾನು ಹೊರಗೆ ಕೂತು ಗಡಿಯಾರ ನೋಡುತ್ತಿದ್ದೆ.

ಸಂಜೆ ಹಾಲು ಒಡೆದಿತ್ತು. ಅಮ್ಮ ಸೋಸುತ್ತಿದ್ದಳು. ನೋಟು ನೋಡುವ ಯುವಿ ಟಾರ್ಚ್ ತಂದು ಲೋಟಕ್ಕೆ ಹಿಡಿದೆ. ಒಡೆದ ಹಾಲಿನ ನೀರು ತೆಳುವಾಗಿ ಹಸಿರು ಹೊಳೆಯಿತು.

"ಹಾಲಲ್ಲಿ ಇರೋದನ್ನೇ ಅವನ ಕಣ್ಣಿಗೆ ಹಾಕಿದ್ದಾ?"

"ಹೆಚ್ಚುಕಡಿಮೆ ಅದೇ, ಅಮ್ಮ."

ಅಮ್ಮ ಚೆಲ್ಲಲಿಲ್ಲ. ಲೋಟ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಹತ್ತು ಗಂಟೆಗೆ ಆಂಟಿಬಯಾಟಿಕ್ ಹನಿ ಹಾಕಬೇಕು. ಅದು ಬೆಳ್ಳಗೆ ನೀರಿನ ಹಾಗಿದೆ. ಬಲಗಣ್ಣಿನ ಸ್ಕ್ಯಾನ್ ಇನ್ನು ಆರು ತಿಂಗಳಿಗೆ. ಅಲ್ಲಿಯವರೆಗೆ ಉಜ್ಜಲೇಬಾರದು. ಎಚ್ಚರ ಇದ್ದಾಗ ಹೇಳಬಹುದು, ನಿದ್ದೆಯಲ್ಲಿ ಅವನ ಕೈ ತಾನಾಗೇ