ಕಂದಾಯದ ಚಲನ್ ಕೈಯಲ್ಲಿ ಹಿಡಿದು

ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಈ ಸಲವೂ ಬೇಗನೆ ನಗರಸಭೆಗೆ ಹೋಗಿ ಮನೆ ಕಂದಾಯ ಕಟ್ಟಿ ಬಂದೆ. ಚಲನ್‌ನಲ್ಲಿ ತೆರಿಗೆಯ ಕೆಳಗೆ ಸಾಲಾಗಿ ಸೆಸ್, ಅಂದರೆ ತೆರಿಗೆಯ ಮೇಲಿನ ಉಪಕರ: ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪರಿಹಾರಕ್ಕೆ ಶೇ 3. ಈ ದುಡ್ಡು ನಗರಸಭೆಯದಲ್ಲ. ವಸೂಲಿ ಮಾಡಿ ದಾಟಿಸುವುದಷ್ಟೇ ಅದರ ಕೆಲಸ. ಲೈಬ್ರರಿ ಸೆಸ್ ನಾನು ಖುಷಿಯಿಂದಲೇ ಕೊಡುತ್ತೇನೆ, ಪೇಪರ್ ಓದುವುದು ಅಲ್ಲೇ ಅಲ್ವಾ!

ಕಂದಾಯ, ನೀರಿನ ಬಿಲ್, ಮಳಿಗೆ ಬಾಡಿಗೆ, ಟ್ರೇಡ್ ಲೈಸೆನ್ಸ್ ಎಲ್ಲ ಸೇರಿದರೂ ನಗರಸಭೆಯ ಖರ್ಚಿಗೆ ಸಾಲದು. ಸಂಬಳಕ್ಕೆ, ಬೀದಿದೀಪದ ಕರೆಂಟ್ ಬಿಲ್ಲಿಗೆ ರಾಜ್ಯದ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದ ದಾರಿ ಕಾಯಬೇಕು. ಕೇಂದ್ರದ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60 ನೀರು, ಸ್ವಚ್ಛತೆಗೇ ಮೀಸಲಾಗಿತ್ತು. ಅದನ್ನು ರಸ್ತೆ ಗುಂಡಿಗೆ ಸುರಿಯುವಂತಿರಲಿಲ್ಲ. ಸುಮ್ನೆ ವಾರ್ಡ್ ಸದಸ್ಯರನ್ನು ಬೈಯುವವರಿಗೆ ಇದು ಗೊತ್ತಿರಲಿ.

ಆದರೆ ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಗಳ ಬಾಡಿಗೆ ಇನ್ನೂ ಹಳೇ ದರದಲ್ಲೇ ಇದೆಯಲ್ಲ, ಅದನ್ನು ಏರಿಸೋಕೆ ಯಾವ ಆಯೋಗವೂ ಅಡ್ಡ ಬಂದಿಲ್ಲ.